ಪುತ್ತೂರಿನಿಂದ ಬೆಂಗಳೂರಿಗೆ ರಾತ್ರಿ ರೈಲು: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: "ನನ್ನ ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ತಿಂಗಳಿಗೊಮ್ಮೆ ರಾತ್ರಿ ರೈಲಿನಲ್ಲಿ ಪುತ್ತೂರಿಗೆ ಬಂದು ಹೋಗುತ್ತಾಳೆ, ಹೆಚ್ಚಾಗಿ ಸ್ಲೀಪರ್‌ನಲ್ಲಿ. ಬಾಲಸೋರ್ ಅಪಘಾತದ ದೃಶ್ಯಗಳನ್ನು ಟಿವಿಯಲ್ಲಿ ಕಂಡಂದಿನಿಂದ ಅವಳು ಹೊರಟ ರಾತ್ರಿ ನನಗೆ ನಿದ್ದೆ ಇಲ್ಲ. ಆಮೇಲೂ ಒಂದಲ್ಲ ಒಂದು ಸುದ್ದಿ ಬರುತ್ತಲೇ ಇದೆ. ಮನೆಯವರು ಸ್ಲೀಪರ್ ಬಸ್ಸಿನಲ್ಲಿ ಬರಲಿ ಎನ್ನುತ್ತಾರೆ, ಅವಳು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಘಟ್ಟ ಕುಸಿದರೆ ಏನು ಗತಿ? ಮಧ್ಯದ ಬೋಗಿ ಸುರಕ್ಷಿತ ಎನ್ನುವುದು ಹೌದೇ? ಎಲ್‌ಎಚ್‌ಬಿ ಬೋಗಿ, ಕವಚ್ ಎಂದೆಲ್ಲ ಕೇಳುತ್ತೇವೆ, ನಮ್ಮ ರೈಲಿಗೆ ಇವೆಲ್ಲ ಇದೆಯೇ? ಅಪಘಾತ ಕಡಿಮೆಯಾಗಿದೆ ಎಂದು ಸರಕಾರ ಹೇಳುವುದನ್ನು ನಂಬಬಹುದೇ?"

– ಓದುಗರೊಬ್ಬರು, ಪುತ್ತೂರು

ಉತ್ತರ: ಮಗಳು ರೈಲಿನಲ್ಲೇ ಬರಲಿ. ನಿಮ್ಮ ಹೆದರಿಕೆಗೆ ಕಾರಣವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ನೋಡುತ್ತಿರುವ ಕಡೆ ಒಂದು, ಅಪಾಯ ಕೂತಿರುವ ಕಡೆ ಇನ್ನೊಂದು. ರೈಲಿಗೆ ರೈಲು ಗುದ್ದುವುದನ್ನು ನೀವು ನೆನೆಯುತ್ತೀರಿ. ರೈಲ್ವೆಯಲ್ಲಿ ಜೀವ ಹೋಗುವುದು ಬಹುಪಾಲು ಬಾಗಿಲಲ್ಲಿ, ಪ್ಲಾಟ್‌ಫಾರಂ ಅಂಚಿನಲ್ಲಿ, ಹಳಿಯ ಮೇಲೆ.

ಮೊದಲು ಅಂಕಿಗಳು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ರ ಮೇಲಾಯಿತು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿಯ ಬಹನಾಗಾ ಬಜಾರ್‌ನಲ್ಲಿ 290ಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ರಸ್ತೆಗಳು ಅಷ್ಟು ಜೀವ ತೆಗೆಯಲು ಒಂದು ಹಗಲು, ಅರ್ಧ ರಾತ್ರಿ ಸಾಕು. ಆದರೆ ಆ ಸಾವುಗಳು ಊರೂರಿಗೆ ಒಂದೋ ಎರಡೋ ಆಗಿ ಹಂಚಿಹೋಗುತ್ತವೆ, ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗುತ್ತವೆ. ರೈಲಿನದು ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಆಗಿ, ವಾರಗಟ್ಟಲೆ ಪರದೆಯ ಮೇಲಿರುತ್ತದೆ. ಇನ್ನೊಂದು ಮಾತೂ ಇದೆ. ಬಸ್ಸು ಉರುಳಿದರೆ 'ಚಾಲಕ ನಿದ್ದೆಗೆ ಜಾರಿದ' ಎಂದು ಕಾರಣ ಕೈಗೆ ಸಿಗುತ್ತದೆ, ಬೇರೆ ಬಸ್ಸು ಹತ್ತಿದರಾಯಿತು ಅನ್ನಿಸುತ್ತದೆ. ರೈಲಿನಲ್ಲಿ ಕಾರಣ ಎಲ್ಲೋ ಬೀಗ ಹಾಕಿದ ಪೆಟ್ಟಿಗೆಯೊಳಗಿನ ತಂತಿಯಲ್ಲಿರುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಭಯ ಹೆಚ್ಚು.

ಹಾಗೆಂದು ಈ ಹೋಲಿಕೆಯನ್ನು ಪೂರ್ತಿ ನೆಚ್ಚಬೇಡಿ. ರಸ್ತೆಯ ಆ ಸಾವುಗಳಲ್ಲಿ ಶೇ 44ರಷ್ಟು ದ್ವಿಚಕ್ರ ವಾಹನದವರು, ಶೇ 19ರಷ್ಟು ನಡೆದು ಹೋಗುತ್ತಿದ್ದವರು. ಬಸ್ಸಿನೊಳಗೆ ಕೂತವರ ಪಾಲು ತೀರಾ ಸಣ್ಣದು. ಹಾಗಾಗಿ 'ರೈಲು ಸಾವಿರ ಪಾಲು ಸುರಕ್ಷಿತ' ಎನ್ನುವ ವಾಟ್ಸ್‌ಆ್ಯಪ್ ಲೆಕ್ಕ ನಿಮ್ಮ ಮನೆಯ ಪ್ರಶ್ನೆಗೆ ಉತ್ತರವಲ್ಲ. ನಿಮ್ಮ ಆಯ್ಕೆ ಇರುವುದು ರಾತ್ರಿ ರೈಲು ಮತ್ತು ರಾತ್ರಿ ಬಸ್ಸಿನ ನಡುವೆ. ಅದಕ್ಕೆ ಮುಂದೆ ಬರುತ್ತೇನೆ.

ಸರಕಾರದ ಅಂಕಿ ಸುಳ್ಳಲ್ಲ. 2014-15ರಲ್ಲಿ 135 ಇದ್ದ ಗಂಭೀರ ರೈಲು ಅಪಘಾತಗಳು 2024-25ರಲ್ಲಿ 31ಕ್ಕೆ ಇಳಿದಿವೆ. ಹಳಿ ಬದಲಾಗಿದೆ, ಬೋಗಿ ಬದಲಾಗಿದೆ, ಬ್ರಾಡ್‌ಗೇಜ್‌ನಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದುಹಾಕಲಾಗಿದೆ. ಆದರೆ ಈ ಸಂಖ್ಯೆ ಎರಡು ವಿಷಯ ಹೇಳುವುದಿಲ್ಲ. ಒಂದು, ಇಂಥ ವಾರ್ಷಿಕ ಲೆಕ್ಕದಲ್ಲಿ ಬಾಲಸೋರ್ ಕೂಡ ಒಂದೇ ಎಂದು ಎಣಿಕೆಯಾಗುತ್ತದೆ, ಯಾರೂ ಸಾಯದ ಒಂದು ಹಳಿ ತಪ್ಪುವಿಕೆಯೂ ಒಂದೇ. ಎರಡು, ಬಾಗಿಲಿಂದ ಬಿದ್ದವರು, ಹಳಿ ದಾಟುವಾಗ ಸತ್ತವರು ಈ ಲೆಕ್ಕದಲ್ಲೇ ಇಲ್ಲ. ಅವರನ್ನು ಹುಡುಕಬೇಕಾದದ್ದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಲ್ಲಿ. 2021ರ ಒಂದೇ ವರ್ಷ ಅಲ್ಲಿ 'ರೈಲ್ವೆ ಅಪಘಾತ'ದ ಸಾವು 16 ಸಾವಿರಕ್ಕೂ ಹೆಚ್ಚು. ಆ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ರೈಲಿನಿಂದ ಬಿದ್ದದ್ದು ಅಥವಾ ಹಳಿಯ ಮೇಲಿದ್ದವರಿಗೆ ರೈಲು ಬಡಿದದ್ದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಮಗಳಿಗೆ ಏನು ಹೇಳಬೇಕು ಎಂಬುದು ತಾನೇ ಹೊಳೆಯುತ್ತದೆ.

ಭಯ ತಾನೇ ಜೀವ ತೆಗೆದ ಉದಾಹರಣೆಯೂ ಇದೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಕಿ ಬಿದ್ದಿದೆ ಎಂಬ ಗಾಳಿಮಾತು ಎದ್ದಿತು. ಯಾರೋ ಚೈನ್ ಎಳೆದರು, ರೈಲು ನಿಂತಿತು, ಜನ ಪಕ್ಕದ ಹಳಿಯ ಮೇಲೆ ಇಳಿದರು. ಆ ಹಳಿಯಲ್ಲಿ ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಬರುತ್ತಿತ್ತು. ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಬೆಂಕಿ ಇರಲಿಲ್ಲ. ವೇಗದಲ್ಲಿರುವ ರೈಲಿಗೆ ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರ್‌ನಷ್ಟು ದೂರ ಬೇಕಾಗಬಹುದು. ಲೋಕೋ ಪೈಲಟ್ ಕಣ್ಣಾರೆ ಕಂಡರೂ ಏನೂ ಮಾಡಲಾಗದು. ದಾರಿ ಮಧ್ಯೆ ಇಳಿಯಲೇಬೇಕಾಗಿ ಬಂದರೆ ಪಕ್ಕದಲ್ಲಿ ಇನ್ನೊಂದು ಹಳಿ ಇಲ್ಲದ ಬದಿಗೇ ಇಳಿಯಬೇಕು. ಕತ್ತಲಾದರೆ ಮೊಬೈಲ್ ಟಾರ್ಚ್ ಬಿಟ್ಟು ಕೆಳಗೆ ನೋಡಿ ಇಳಿಯಬೇಕು, ಸೇತುವೆಯ ಮೇಲಿರಲೂಬಹುದು. ಇದೊಂದನ್ನು ಮಗಳಿಗೆ ಇವತ್ತೇ ಹೇಳಿ.

ಈಗ ನಿಮ್ಮ ನಿದ್ದೆಗೆಡಿಸಿದ ಬಾಲಸೋರ್. ಅಲ್ಲಿ ಆದದ್ದೇನೆಂದು ತಿಳಿದರೆ, ರೈಲುಗಳ ಡಿಕ್ಕಿ ತಡೆಯಲೆಂದು ಇರುವ ಕವಚ್ ಎಂಬ ಸ್ವಯಂಚಾಲಿತ ವ್ಯವಸ್ಥೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೂ ತಿಳಿಯುತ್ತದೆ. ನಿಲ್ದಾಣದಲ್ಲಿ ರೈಲನ್ನು ಮೇನ್ ಲೈನ್‌ನಿಂದ ಪಕ್ಕದಲ್ಲಿ ರೈಲು ನಿಲ್ಲಿಸುವ ಲೂಪ್ ಲೈನ್‌ಗೆ ತಿರುಗಿಸುವ ಚಲಿಸುವ ಹಳಿಗೆ ಪಾಯಿಂಟ್ ಎನ್ನುತ್ತಾರೆ. ಪಾಯಿಂಟ್ ಯಾವ ಕಡೆಗಿದೆ, ಮುಂದಿನ ಹಳಿ ಖಾಲಿ ಇದೆಯೇ, ಗೇಟು ಮುಚ್ಚಿದೆಯೇ, ಇಷ್ಟೂ ಖಾತ್ರಿಯಾದ ಮೇಲಷ್ಟೇ ಹಸಿರು ಬೀಳುವಂತೆ ಕಟ್ಟಿಹಾಕುವ ವ್ಯವಸ್ಥೆ ಇಂಟರ್‌ಲಾಕಿಂಗ್. ತಂತಿ ಕಡಿದರೆ, ಕರೆಂಟು ಹೋದರೆ ಸಿಗ್ನಲ್ ಕೆಂಪಾಗಬೇಕು, ಎಂದಿಗೂ ಹಸಿರಾಗಬಾರದು. ಅದರ ವಿನ್ಯಾಸವೇ ಹಾಗೆ. ಸರಿಯಾಗಿ ಕೆಟ್ಟರೆ ಅದು ರೈಲನ್ನು ನಿಲ್ಲಿಸುತ್ತದೆ.

ಬಹನಾಗಾದಲ್ಲಿ ಅದು ಕೆಟ್ಟಿರಲಿಲ್ಲ. ಮನುಷ್ಯರು ಅದಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದರು. ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸಕ್ಕಾಗಿ ಸಿಗ್ನಲ್ ಸರ್ಕ್ಯೂಟಿನ ತಂತಿಗಳನ್ನು ಬದಲಿಸುವಾಗ ಆದ ಲೋಪದಿಂದ, ಪಾಯಿಂಟ್ ಲೂಪ್ ಲೈನ್‌ಗೆ ತಿರುಗಿದ್ದರೂ ವ್ಯವಸ್ಥೆಗೆ ಅದು ಮೇನ್ ಲೈನ್‌ನಲ್ಲಿದೆ ಎಂದೇ ಕಂಡಿತು. ಹಸಿರು ಬಿತ್ತು. ಕೋರಮಂಡಲ್ ಎಕ್ಸ್‌ಪ್ರೆಸ್ ಗಂಟೆಗೆ 128 ಕಿ.ಮೀ. ವೇಗದಲ್ಲಿ ಲೂಪ್‌ಗೆ ನುಗ್ಗಿ, ಕಬ್ಬಿಣದ ಅದಿರು ತುಂಬಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತು. ಚೆಲ್ಲಾಪಿಲ್ಲಿಯಾದ ಬೋಗಿಗಳು ಅದೇ ಹೊತ್ತಿಗೆ ಪಕ್ಕದಲ್ಲಿ ಹೋಗುತ್ತಿದ್ದ, ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಟಿದ್ದ ಹೌರಾ ಎಕ್ಸ್‌ಪ್ರೆಸ್‌ನ ಕೊನೆಯ ಬೋಗಿಗಳಿಗೆ ಬಡಿದವು.

ಇಂಥದ್ದೇ ಎಚ್ಚರಿಕೆ ನಾಲ್ಕು ತಿಂಗಳ ಮೊದಲು ನಮ್ಮಲ್ಲೇ ಸಿಕ್ಕಿತ್ತು. 2023ರ ಫೆಬ್ರುವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿಗೆ ಸಿಕ್ಕಿತ್ತು, ಪಾಯಿಂಟ್ ಇನ್ನೊಂದು ದಾರಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಗಮನಿಸಿ ರೈಲು ನಿಲ್ಲಿಸಿದ್ದರಿಂದ ಉಳಿಯಿತು. ಇದು ವ್ಯವಸ್ಥೆಯ ಗಂಭೀರ ದೋಷ ಎಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. ಬಾಲಸೋರ್ ಆದ ಮೇಲೆ ಆ ಪತ್ರ ಸುದ್ದಿಯಾಯಿತು. ರೈಲು ಸುರಕ್ಷತೆಯ ಬಗ್ಗೆ ನನಗಿರುವ ಕಳವಳ ಇಲ್ಲಿಯದು. ಸಿಗ್ನಲ್ ಉಪಕರಣಕ್ಕೆ ಕೈ ಹಾಕುವ ಮೊದಲು ಅದನ್ನು ಬಳಕೆಯಿಂದ ಬಿಡಿಸುತ್ತಿದ್ದೇವೆ ಎಂಬ ಲಿಖಿತ ಸೂಚನೆ, ಅಂದರೆ ಡಿಸ್ಕನೆಕ್ಷನ್ ಮೆಮೊ ಕೊಡಬೇಕು, ಸ್ಟೇಷನ್ ಮಾಸ್ಟರ್ ಸಹಿ ಹಾಕಬೇಕು, ಕೆಲಸ ಮುಗಿದ ಮೇಲೆ ಪ್ರತಿ ಪಾಯಿಂಟನ್ನೂ ಎರಡೂ ಕಡೆಗೆ ತಿರುಗಿಸಿ, ಹಳಿಯ ಬಳಿ ಕಂಡದ್ದೂ ನಿಲ್ದಾಣದ ನಿಯಂತ್ರಣ ಪ್ಯಾನೆಲ್‌ನಲ್ಲಿ ತೋರಿದ್ದೂ ಒಂದೇ ಎಂದು ತಾಳೆ ನೋಡಿದ ಬಳಿಕವೇ ರೈಲು ಬಿಡಬೇಕು. ಇದಕ್ಕೆ ಸಮಯ ಬೇಕು. ರೈಲು ತಡವಾದರೆ ನಾವು ದೂರು ಕೊಡುತ್ತೇವೆ, ಮೇಲಿನವರು ವಿವರಣೆ ಕೇಳುತ್ತಾರೆ, ಕೆಳಗಿನವರು ಅಡ್ಡದಾರಿ ಹುಡುಕುತ್ತಾರೆ. ಸಿಗ್ನಲ್ ಅವಘಡಗಳ ಬೇರು ಹಲವು ಸಲ ಈ ಅವಸರದಲ್ಲಿರುತ್ತದೆ.

ಕವಚ್ ಇದನ್ನು ತಡೆಯುತ್ತಿತ್ತೇ? ಇಲ್ಲ. ಕವಚ್ ಮಾಹಿತಿ ಪಡೆಯುವುದು ಇದೇ ಇಂಟರ್‌ಲಾಕಿಂಗ್‌ನಿಂದ. ಅಲ್ಲಿ ಹಸಿರು ಎಂದಿದ್ದರೆ ಕವಚ್‌ಗೂ ಹಸಿರೇ. ಅದು ತಡೆಯುವುದು ಬೇರೆ ಬಗೆಯ ಅಪಘಾತವನ್ನು. ಹಳಿಯ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಕೂರಿಸಿದ ಟ್ಯಾಗ್‌ಗಳು, ನಿಲ್ದಾಣದ ಉಪಕರಣ, ರೇಡಿಯೊ ಗೋಪುರ, ಎಂಜಿನ್‌ನಲ್ಲಿನ ಪೆಟ್ಟಿಗೆ, ಇವೆಲ್ಲ ಸೇರಿ ರೈಲು ಎಲ್ಲಿದೆ, ಮುಂದಿನ ಸಿಗ್ನಲ್ ಏನು ಎಂದು ಲೆಕ್ಕ ಹಾಕುತ್ತಿರುತ್ತವೆ. ಲೋಕೋ ಪೈಲಟ್ ಕೆಂಪನ್ನು ಕಂಡೂ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿ-ಬೆಂಗಳೂರು ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್‌ಗೆ ಗುದ್ದಿ ಸುಮಾರು 25 ಜನ ಸತ್ತರಲ್ಲ, ಕೆಂಪು ದಾಟಿ ಹೋಗುವ ಅಂಥ ಅಪಘಾತಕ್ಕೆ ಕವಚ್ ಮದ್ದು. ಇದರ ಮೊದಲ ಪ್ರಯೋಗ ನಡೆದ ಹಳಿಗಳಲ್ಲಿ ವಾಡಿ-ವಿಕಾರಾಬಾದ್, ವಿಕಾರಾಬಾದ್-ಬೀದರ್ ಸೇರಿವೆ, ಅಂದರೆ ಕಲ್ಯಾಣ ಕರ್ನಾಟಕದವರು ಅದರ ಮೇಲೆ ಓಡಾಡಿದ್ದಾರೆ. ಆದರೆ ದೇಶದ ಸುಮಾರು 69 ಸಾವಿರ ಕಿ.ಮೀ. ಮಾರ್ಗದಲ್ಲಿ ಕವಚ್ ಬಂದಿರುವುದು ಸಣ್ಣ ಪಾಲಿಗೆ. ಮೊದಲ ಸರದಿ ದೆಹಲಿ-ಮುಂಬೈ, ದೆಹಲಿ-ಹೌರಾದಂಥ ದಟ್ಟಣೆಯ ಮಾರ್ಗಗಳದ್ದು. ಪುತ್ತೂರು ಹಳಿಯಲ್ಲಿ ಅದನ್ನು ನೆಚ್ಚಿ ಲೆಕ್ಕ ಹಾಕಬೇಡಿ.

ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಬೋಗಿಯನ್ನು ಮಾತ್ರ ನೀವೇ ಗುರುತಿಸಬಹುದು. ಸ್ಲೀಪರ್‌ನಲ್ಲಿ ಬರ್ತ್ ಸಂಖ್ಯೆ 80ರವರೆಗೆ ಇದ್ದರೆ ಎಲ್‌ಎಚ್‌ಬಿ, 72ಕ್ಕೆ ಮುಗಿದರೆ ಐಸಿಎಫ್ ಎಂಬ ಹಳೆಯ ವಿನ್ಯಾಸದ್ದು. ತ್ರೀ ಟಯರ್ ಎಸಿಯಲ್ಲಿ ಅದೇ 72 ಮತ್ತು 64. ಹಳೆಯ ಬೋಗಿಗಳ ನಡುವೆ ತಿರುಪಿನ ಕೊಂಡಿ, ಎರಡು ಬದಿಗೆ ಬಫರ್ ಇರುತ್ತಿದ್ದವು. ಗುದ್ದಿದಾಗ ಒಂದು ಬೋಗಿ ಎದ್ದು ಇನ್ನೊಂದರ ಮೇಲೆ ಹತ್ತಿ ಒಳಗಿದ್ದವರನ್ನು ಜಜ್ಜುತ್ತಿತ್ತು. ಎಲ್‌ಎಚ್‌ಬಿಯ ಮಧ್ಯದ ಬಿಗಿ ಕೊಂಡಿ ಬೋಗಿಗಳನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ಉಕ್ಕಿನ ಮೈ ಗಟ್ಟಿ, ಡಿಸ್ಕ್ ಬ್ರೇಕ್ ಬೇರೆ. ಆದರೂ ಕೋರಮಂಡಲ್ ಕೂಡ ಎಲ್‌ಎಚ್‌ಬಿ ರೈಲೇ ಎಂಬುದನ್ನು ಮರೆಯಬಾರದು.

ಇಲ್ಲಿ ಎಲ್ಲಕ್ಕಿಂತ ದೊಡ್ಡದು ವೇಗ. 2024ರ ಅಕ್ಟೋಬರ್ 11ರಂದು ಮೈಸೂರು-ದರ್ಭಂಗಾ ಬಾಗಮತಿ ಎಕ್ಸ್‌ಪ್ರೆಸ್ ಚೆನ್ನೈ ಬಳಿಯ ಕವರೈಪೆಟ್ಟೈಯಲ್ಲಿ ಬಾಲಸೋರ್‌ನಂತೆಯೇ ಲೂಪ್‌ಗೆ ನುಗ್ಗಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತು. ಅಲ್ಲಿ ಹಳಿಯ ಬೋಲ್ಟ್‌ಗಳನ್ನು ಯಾರೋ ಬಿಚ್ಚಿದ ಅನುಮಾನದ ಮೇಲೆ ತನಿಖೆ ನಡೆಯಿತು. ಬೋಗಿಗಳು ಉರುಳಿದವು, ಜನ ಗಾಯಗೊಂಡರು, ಯಾರೂ ಸಾಯಲಿಲ್ಲ. ಅದೂ ಎಲ್‌ಎಚ್‌ಬಿ, ಆದರೆ ವೇಗ ಗಂಟೆಗೆ ಸುಮಾರು 75 ಕಿ.ಮೀ. ಎಂದು ಆಗ ವರದಿಯಾಗಿತ್ತು. ಗುದ್ದಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 128ರಲ್ಲಿ ಇರುವುದು 75ರಲ್ಲಿ ಇರುವುದರ ಸುಮಾರು ಮೂರು ಪಟ್ಟು.

ಈ ಲೆಕ್ಕವನ್ನೇ ನಿಮ್ಮ ಘಟ್ಟಕ್ಕೆ ತನ್ನಿ. ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ನಲ್ಲಿ ರೈಲು ಓಡುವುದು ಗಂಟೆಗೆ 30 ಕಿ.ಮೀ. ಒಳಗೆ. ನೋಡಲು ಭಯ ಹುಟ್ಟಿಸುವ ಜಾಗ: 57 ಸುರಂಗ, ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರು, ಕೆಳಗೆ ಕಾಡು. ಅಲ್ಲಿನ ನಿಜವಾದ ಅಪಾಯ ಎರಡು, ಬ್ರೇಕ್ ಹಿಡಿಯದೆ ರೈಲು ಜಾರುವುದು ಮತ್ತು ಗುಡ್ಡ ಕುಸಿಯುವುದು. ಮೊದಲನೆಯದಕ್ಕಾಗಿ ಘಟ್ಟ ಇಳಿಯುವ ಮೊದಲು ಬ್ರೇಕ್ ಪರೀಕ್ಷೆ ಮಾಡುತ್ತಾರೆ, ಹತ್ತುವಾಗ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ, ಜಾರಿದ ರೈಲನ್ನು ಏರಿಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳನ್ನು ಇಟ್ಟಿದ್ದಾರೆ. ಎರಡನೆಯದಕ್ಕೆ ಮಳೆಗಾಲದಲ್ಲಿ ಹಗಲೂ ರಾತ್ರಿ ಹಳಿಯ ಮೇಲೆ ನಡೆದು ಕಾಯುವ ಗಸ್ತಿನವರಿದ್ದಾರೆ. ಜಿಗಣೆ ಕಚ್ಚಿಸಿಕೊಂಡು ಸುರಿಮಳೆಯಲ್ಲಿ ಕೈದೀಪ ಹಿಡಿದು ನಡೆಯುವ ಆ ಟ್ರ್ಯಾಕ್‌ಮನ್‌ಗಳ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ, ಬರಬೇಕಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿದಾಗ ಈ ಮಾರ್ಗದ ರೈಲುಗಳನ್ನು ಸುಮಾರು ಎರಡು ವಾರ ನಿಲ್ಲಿಸಲಾಯಿತು. ಮಗಳ ಟಿಕೆಟ್ ರದ್ದಾದರೆ ಬೇಸರವಾಗುತ್ತದೆ ನಿಜ. ಆದರೆ ಅನುಮಾನ ಬಂದ ಹಳಿಯ ಮೇಲೆ ರೈಲು ಬಿಡದಿರುವುದೇ ಸುರಕ್ಷತೆ. ಅಂಥ ದಿನ ಶಿರಾಡಿಯ ಬಸ್ಸಿಗೆ ಓಡುವ ಬದಲು ಅವಳು ಒಂದು ವಾರ ತಡೆದು ಬರುವುದೊಳ್ಳೆಯದು, ಗುಡ್ಡ ಕುಸಿಸುವ ಮಳೆ ರಸ್ತೆಯನ್ನು ಬಿಟ್ಟು ಹಳಿಯ ಮೇಲಷ್ಟೇ ಬೀಳುವುದಿಲ್ಲ.

ಮಧ್ಯದ ಬೋಗಿಯ ಮಾತಿಗೆ ಅರ್ಧ ಹುರುಳಿದೆ. ಎದುರಿನಿಂದ ಅಥವಾ ಹಿಂದಿನಿಂದ ಗುದ್ದಿದಾಗ ತುದಿಯ ಬೋಗಿಗಳಿಗೆ ಪೆಟ್ಟು ಜಾಸ್ತಿ. ಆದರೆ ಹಳಿ ಮುರಿದು ಉರುಳಿದರೆ ಯಾವ ಬೋಗಿಯೂ ಆಗಬಹುದು. ರಿಸರ್ವೇಶನ್ ಬೋಗಿಗಳು ಹೇಗೂ ಹೆಚ್ಚಾಗಿ ನಡುವೆಯೇ ಇರುತ್ತವೆ, ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೋರಮಂಡಲ್‌ನಲ್ಲಿ ಎಂಜಿನ್ ಹಿಂದೆಯೇ ಇದ್ದದ್ದು ಜನರಲ್ ಬೋಗಿಗಳು. ರಿಸರ್ವೇಶನ್ ಟಿಕೆಟಿಗೆ ದುಡ್ಡು ಹೊಂದಿಸಲಾಗದ ಕೂಲಿಕಾರರನ್ನು ಯಾವಾಗಲೂ ಎರಡು ತುದಿಗೆ ತುಂಬುವುದು ಈ ದೇಶ ಇನ್ನೂ ಎದುರಿಸದ ಪ್ರಶ್ನೆ.

ಸ್ಲೀಪರ್ ಬಸ್ಸಿನ ಬಗ್ಗೆ ಮನೆಯವರಿಗೆ ಹೀಗೆ ಹೇಳಿ. ರಾತ್ರಿಯಿಡೀ ಒಬ್ಬ ಚಾಲಕನ ಎಚ್ಚರದ ಮೇಲೆ ಅದು ನಿಂತಿದೆ, ಅವನು ಕಣ್ಣು ಮುಚ್ಚಿದರೆ ತಡೆಯುವ ಸಿಗ್ನಲ್ ಇಲ್ಲ. ಲೋಕೋ ಪೈಲಟ್‌ಗಳಿಗೂ ಸತತ ರಾತ್ರಿ ಪಾಳಿಯ ದಣಿವಿದೆ, ಅವರ ಸಂಘಟನೆಗಳು ಕೂಗುತ್ತಲೇ ಇವೆ. ಆದರೂ ಪಕ್ಕದಲ್ಲಿ ಸಹಾಯಕ ಇರುತ್ತಾನೆ, ಎಚ್ಚರವಿದ್ದಾನೆಯೇ ಎಂದು ಎಂಜಿನ್ ಆಗಾಗ ಕೇಳುತ್ತದೆ, ಉತ್ತರವಿಲ್ಲದಿದ್ದರೆ ಬ್ರೇಕ್ ಬೀಳುತ್ತದೆ. ಇನ್ನು ಬೆಂಕಿ. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಹೈದರಾಬಾದ್-ಬೆಂಗಳೂರು ಬಸ್ಸಿಗೆ ಬೆಂಕಿ ಹತ್ತಿ 19 ಪ್ರಯಾಣಿಕರು ಸುಟ್ಟುಹೋದರು. ಮುಚ್ಚಿದ ಕಿಟಕಿ, ಇಕ್ಕಟ್ಟಿನ ಓಣಿ, ಒಂದೇ ಬಾಗಿಲು: ಸ್ಲೀಪರ್ ಬಸ್ಸಿನಲ್ಲಿ ಹೊರಬರಲು ಸಿಗುವುದು ಕೆಲವೇ ನಿಮಿಷ. ಬಸ್ಸಿನಲ್ಲೇ ಬರಬೇಕಾದ ದಿನ ಇಬ್ಬರು ಚಾಲಕರಿರುವ ಬಸ್ಸನ್ನೇ ಹಿಡಿಯಲಿ, ಹಿಂದಿನ ತುರ್ತು ಬಾಗಿಲಿಗೆ ಸಾಮಾನು ಅಡ್ಡವಿಟ್ಟಿದ್ದಾರೆಯೇ ಎಂದು ಹತ್ತಿದ ಕೂಡಲೇ ನೋಡಲಿ.

ರೈಲಿನಲ್ಲೂ ಬೆಂಕಿಯೇ ನಾನು ಗಂಭೀರವಾಗಿ ಕಾಣುವ ಅಪಾಯ. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರು-ನಾಂದೇಡ್ ಎಕ್ಸ್‌ಪ್ರೆಸ್‌ನ ಎಸಿ ಬೋಗಿಯೊಂದರಲ್ಲಿ 26 ಜನ ಸತ್ತರು. ಹತ್ತಿದ ಮೇಲೆ ತುರ್ತು ಕಿಟಕಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದಕ್ಕೆ ಒಂದು ನಿಮಿಷ ಸಾಕು. ಸ್ಲೀಪರ್‌ನಲ್ಲಿ ಅದರ ಸರಳುಗಳನ್ನು ಮೇಲೆತ್ತಬಹುದು, ಎಸಿಯಲ್ಲಿ ಗಾಜು ಒಡೆಯಲು ಸುತ್ತಿಗೆ ಇರುತ್ತದೆ. ಹೊಗೆ ಬಂದರೆ ಸಾಮಾನು ಬಿಟ್ಟು, ಬಗ್ಗಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು ಪಕ್ಕದ ಬೋಗಿಗೆ ನಡೆಯಬೇಕು, ಆಮೇಲೆ ಚೈನ್. ಸುರಂಗದೊಳಗಿದ್ದರೆ ರೈಲು ಹೊರಬರುವವರೆಗೆ ಚೈನ್ ಎಳೆಯಬಾರದು, ಸುರಂಗದಲ್ಲಿ ನಿಂತ ರೈಲಿನ ಹೊಗೆಗೆ ಹೋಗಲು ದಾರಿ ಇರುವುದಿಲ್ಲ. ಯಾರಾದರೂ ಗ್ಯಾಸ್ ಸ್ಟವ್, ಪಟಾಕಿ, ಪೆಟ್ರೋಲ್ ತಂದಿದ್ದರೆ ಸಂಕೋಚಪಡದೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಲಿ. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ಪ್ರವಾಸಿ ಬೋಗಿಯಲ್ಲಿ 9 ಜನ ಸತ್ತದ್ದು ಕದ್ದು ತಂದ ಗ್ಯಾಸ್ ಸಿಲಿಂಡರ್‌ನಿಂದ. ಅಪಘಾತವಾದ ರೈಲಿನಿಂದ ಹೊರಬಂದ ಮೇಲೆ ಜೋತುಬಿದ್ದ ತಂತಿಗಳನ್ನು ಮುಟ್ಟಬಾರದು, ಅವುಗಳ ಹತ್ತಿರಕ್ಕೂ ಹೋಗಬಾರದು. ಅದರಲ್ಲಿ ಹರಿಯುವುದು 25 ಸಾವಿರ ವೋಲ್ಟ್.

ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆಯುವಾಗ 45 ಪೈಸೆಯ ವಿಮೆಗೆ ಟಿಕ್ ಹಾಕಲಿ. ಸಾವಿಗೆ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ ಸಿಗುತ್ತದೆ. ಟಿಕೆಟ್ ಆದ ಮೇಲೆ ಬರುವ ಲಿಂಕ್‌ನಲ್ಲಿ ನಾಮಿನಿಯ ಹೆಸರು ತುಂಬುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕ್ಲೇಮ್ ಮಾಡುವಾಗ ಮನೆಯವರು ಅಲೆಯುವುದು ಅದರಿಂದಲೇ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಮೂಲಕ ಸಿಗುವ 8 ಲಕ್ಷದ ಪರಿಹಾರ ಬೇರೆ, ವಿಮೆ ಬೇರೆ. ಓಡುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದವರಿಗೂ ಪರಿಹಾರ ಕೇಳುವ ಹಕ್ಕಿದೆ, ಟಿಕೆಟ್ ತೆಗೆದು ಪ್ರಯಾಣಿಸುತ್ತಿರಬೇಕು.

ಕೊನೆಯದು ಬಾಗಿಲು. ಮೊಬೈಲ್ ಸಿಗ್ನಲ್‌ಗಾಗಿ, ಗಾಳಿಗಾಗಿ, ಘಟ್ಟದ ಫೋಟೊಗಾಗಿ ತೆರೆದ ಬಾಗಿಲಲ್ಲಿ ನಿಲ್ಲಬಾರದು. ಪಾಯಿಂಟ್ ಮೇಲೆ ಬೋಗಿ ಪಕ್ಕಕ್ಕೆ ಎಳೆಯುವ ಎಳೆತಕ್ಕೆ ಕೈ ಜಾರಲು ಅರೆಕ್ಷಣ ಸಾಕು, ಸುರಂಗದ ಗೋಡೆಯೂ ಮೈಗೆ ಹತ್ತಿರವಿರುತ್ತದೆ. ಮಧ್ಯದ ಬರ್ತ್ ಬಿಡಿಸುವಾಗ ಎರಡೂ ಬದಿಯ ಚೈನ್ ಕೊಕ್ಕೆಗೆ ಪೂರ್ತಿ ಕೂತಿದೆಯೇ ಎಂದು ಎಳೆದು ನೋಡಬೇಕು. ಹೊರಟ ರೈಲಿಗೆ ಓಡಿ ಹತ್ತುವುದು ಬೇಡವೇ ಬೇಡ, ತಪ್ಪಿದರೆ ತಪ್ಪಿತು. ಕಬಕ ಪುತ್ತೂರಿನಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ನಿದ್ದೆಗಣ್ಣಲ್ಲಿ ಎದ್ದು, ರೈಲು ಚಲಿಸತೊಡಗಿದ ಮೇಲೆ ಬ್ಯಾಗ್ ಸಮೇತ ಹಾರುವ ಆ ಕ್ಷಣಕ್ಕೆ ನೀವು ಹೆದರಬೇಕು. ಹಾಗೇನಾದರೂ ನಿಲ್ದಾಣ ತಪ್ಪಿದರೆ ಮುಂದಿನದರಲ್ಲಿ ಇಳಿದು ಫೋನ್ ಮಾಡು, ಯಾರೂ ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ. 139ರಲ್ಲಿ ಇಳಿಯುವ ನಿಲ್ದಾಣಕ್ಕೆ ಮೊದಲು ಎಬ್ಬಿಸುವ ಅಲರ್ಟ್ ಸೌಲಭ್ಯವಿದೆ. ರಾತ್ರಿ ಮಲಗುವ ಮುಂಚೆ ಅದನ್ನು ಹಾಕಿಟ್ಟು, ನಿಲ್ದಾಣಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಎದ್ದು ಸಾಮಾನು ಕೈಗೆ ತೆಗೆದುಕೊಂಡು, ರೈಲು ಪೂರ್ತಿ ನಿಂತ ಮೇಲೆ ಇಳಿಯಲಿ.